ಅಜ್ಜಿಯ ಹಾಸಿಗೆಯ ಬಳಿ ನಿಂತ ಹುಡುಗಿ

ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದವರು ಯಾರಾದರೂ ಇದ್ದಾರೆಯೇ? ಇದ್ದರೆ ಇದನ್ನು ಅವರ ಪಕ್ಕದಲ್ಲಿ ಕುಳಿತು ಓದಿ. ಇಲ್ಲದಿದ್ದರೂ ಓದಿ. ಯಾಕೆಂದರೆ ಇದು ಇಂದಲ್ಲ ನಾಳೆ ನಮ್ಮ ನಿಮ್ಮ ಹಾಸಿಗೆಯ ಬಳಿ ಬಂದು ನಿಲ್ಲಲಿರುವ ಹುಡುಗಿಯೊಬ್ಬಳ ವಿಷಯ.

ಮೂರು ವರ್ಷಗಳ ಹಿಂದೆ ಒಂದು ಮುಂಜಾನೆ ವುಝೂ ಮಾಡಲು ಹೋದ ನನ್ನ ಉಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಎಲುಬು ಮುರಿಯಿತು. ಆಗ ಅವರಿಗೆ ಎಪ್ಪತ್ತೆಂಟು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಎಲ್ಲವೂ ಚೆನ್ನಾಗಿ ಆಗಿದೆ ಎಂದು ಡಾಕ್ಟರ್ ಹೇಳಿದರು. ಆದರೆ ಮರುದಿನ ರಾತ್ರಿಯಿಂದ ಉಮ್ಮ ನಮ್ಮ ಉಮ್ಮನಂತೆ ಇರಲಿಲ್ಲ. ನನ್ನನ್ನು ಎಂದೋ ತೀರಿಹೋದ ತನ್ನ ತಂಗಿಯ ಹೆಸರು ಹಿಡಿದು ಕರೆದರು. ಗೋಡೆಯ ಮೇಲೆ ಇರುವೆ ಸಾಲು ಹೋಗುತ್ತಿದೆ ಎಂದರು. ಕೈಗೆ ಚುಚ್ಚಿದ್ದ ಡ್ರಿಪ್ ಕಿತ್ತು ಹಾಕಿದರು. ಆಮೇಲೆ ಎರಡೂ ಕೈಗಳನ್ನು ಎದೆಯ ಮೇಲೆ ಇಟ್ಟುಕೊಂಡು ಏನನ್ನೋ ಮಡಚುವಂತೆ, ಸುತ್ತುವಂತೆ ಬೆರಳಾಡಿಸತೊಡಗಿದರು. ನಿಲ್ಲಿಸುವುದೇ ಇಲ್ಲ. ರಾತ್ರಿ ಡ್ಯೂಟಿಯವರು ಬಂದು ಬ್ಯಾಂಡೇಜ್ ಬಟ್ಟೆಯಿಂದ ಆ ಕೈಗಳನ್ನು ಮಂಚದ ಸರಳಿಗೆ ಕಟ್ಟಿದರು. "ವಯಸ್ಸಾದವರಲ್ವಾ, ಹಾಗೇ" ಎಂದರು. ನಾನೂ ಹೌದೆಂದು ತಲೆಯಾಡಿಸಿದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಬೆಳಿಗ್ಗೆ ನರ್ಸಿಂಗ್ ವಿದ್ಯಾರ್ಥಿನಿಯರ ಗುಂಪೊಂದು ವಾರ್ಡಿಗೆ ಬಂತು. ಉಮ್ಮನ ಹಾಸಿಗೆ ಎರಡನೇ ವರ್ಷದ ಒಬ್ಬ ಹುಡುಗಿಯ ಪಾಲಿಗೆ ಬಂತು. ನಾನು "ಸಿಸ್ಟರ್" ಎಂದು ಕರೆದರೆ, "ನಾನಿನ್ನೂ ಸಿಸ್ಟರ್ ಆಗಿಲ್ಲ ಅಕ್ಕಾ, ಸ್ಟೂಡೆಂಟ್" ಎಂದಳು. ಬಿ.ಪಿ. ನೋಡಿದಳು, ಜ್ವರ ನೋಡಿದಳು, ಬರೆದುಕೊಂಡಳು. ಹೊರಡಬೇಕು ಎನ್ನುವಾಗ ಅವಳ ಕಣ್ಣು ಉಮ್ಮನ ಬೆರಳುಗಳ ಮೇಲೆ ಬಿತ್ತು. ಕಟ್ಟಿದ ಕೈಗಳಲ್ಲೂ ಬೆರಳು ಆಡುತ್ತಲೇ ಇತ್ತು. ಸ್ವಲ್ಪ ಹೊತ್ತು ನೋಡಿ ನನ್ನತ್ತ ತಿರುಗಿದಳು.

"ಅಕ್ಕಾ, ಅಜ್ಜಿ ಮೊದಲು ಬೀಡಿ ಕಟ್ಟುತ್ತಿದ್ದರಾ?"

ನನ್ನ ಮೈ ಜುಮ್ಮೆಂದಿತು. ಮೂವತ್ತು ವರ್ಷ ಉಮ್ಮ ಬೀಡಿ ಕಟ್ಟಿದ್ದಾರೆ. ನಾವು ನಾಲ್ಕು ಮಕ್ಕಳು ಓದಿದ್ದು, ಇಬ್ಬರು ಅಕ್ಕಂದಿರ ಮದುವೆ ನಡೆದದ್ದು, ಎಲ್ಲವೂ ಆ ಬೀಡಿಯ ದುಡ್ಡಿನಿಂದ. ಮಡಿಲಲ್ಲಿ ಗೆರಸೆ ಇಟ್ಟುಕೊಂಡು, ಎಲೆಗೆ ಹೊಗೆಸೊಪ್ಪು ಹಾಕಿ, ಸುತ್ತಿ, ತುದಿ ಮಡಚಿ, ನೂಲು ಕಟ್ಟುವ ಆ ಬೆರಳಾಟವನ್ನು ನೋಡುತ್ತಲೇ ಬೆಳೆದವಳು ನಾನು. ರಾತ್ರಿಯಿಡೀ ಪಕ್ಕದಲ್ಲಿ ಕುಳಿತಿದ್ದರೂ ನನಗದು ಹೊಳೆದಿರಲಿಲ್ಲ. ಆ ಹುಡುಗಿಗೆ ಹೊಳೆಯಿತು. "ನನ್ನ ಅಮ್ಮನೂ ಕಟ್ಟುತ್ತಾರೆ" ಎಂದಳು, ಅಷ್ಟೇ.

ಅವಳು ಹೋಗಿ ತನ್ನ ಟ್ಯೂಟರ್ ಮೇಡಂ ಅವರನ್ನು ಕರೆತಂದಳು. ಅವರು ಉಮ್ಮನ ಹೊಟ್ಟೆಯ ಕೆಳಭಾಗ ಮುಟ್ಟಿ ನೋಡಿದರು. ಕನ್ನಡಕ ಎಲ್ಲಿ ಎಂದು ಕೇಳಿದರು. ಅದು ನನ್ನ ಚೀಲದಲ್ಲಿತ್ತು. ಡ್ಯೂಟಿ ಡಾಕ್ಟರಿಗೆ ಫೋನ್ ಹೋಯಿತು. ಮೂತ್ರ ಕಟ್ಟಿಕೊಂಡಿತ್ತು, ಸೋಂಕೂ ಇತ್ತು. ಕೈಯ ಕಟ್ಟು ಬಿಚ್ಚಿದರು. ಹುಡುಗಿ ಗಾಜ್ ಬಟ್ಟೆಯ ಸಣ್ಣ ತುಂಡುಗಳನ್ನು ಉಮ್ಮನ ಕೈಗೆ ಕೊಟ್ಟಳು. ಉಮ್ಮ ಅದನ್ನು ಒಂದೊಂದಾಗಿ ಸುತ್ತಿ ಸುತ್ತಿ ಬದಿಗಿಟ್ಟರು. ಮಧ್ಯಾಹ್ನದ ಹೊತ್ತಿಗೆ ನಿದ್ರೆ ಬಂತು. ಮೂರನೇ ದಿನ ನನ್ನನ್ನು ನನ್ನ ಹೆಸರಿನಿಂದ ಕರೆದರು.

ಇದಕ್ಕೆ ಡೆಲಿರಿಯಂ ಎನ್ನುತ್ತಾರೆ ಎಂದು ನನಗೆ ಗೊತ್ತಾದದ್ದು ಆಗಲೇ. ಸೊಂಟದ ಎಲುಬಿನ ಆಪರೇಶನ್ ಆದ ವೃದ್ಧರಲ್ಲಿ ಇದು ತುಂಬ ಸಾಮಾನ್ಯ. ಮರೆವಿನ ಕಾಯಿಲೆ ತಿಂಗಳು ವರ್ಷಗಳಲ್ಲಿ ನಿಧಾನವಾಗಿ ಬರುತ್ತದೆ. ಇದು ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಬರುತ್ತದೆ. ಬೆಳಿಗ್ಗೆ ಸ್ವಲ್ಪ ಸರಿಯಿದ್ದವರು ಸಂಜೆ ಮತ್ತೆ ಕೆಡುತ್ತಾರೆ. ನೋವು, ಸೋಂಕು, ಮೈಯಲ್ಲಿ ನೀರು ಕಡಿಮೆಯಾಗುವುದು, ಮಲಮೂತ್ರ ಕಟ್ಟಿಕೊಳ್ಳುವುದು, ಕೆಲವು ಔಷಧಗಳು, ನಿದ್ರೆಗೇಡು, ಇವೆಲ್ಲ ಇದರ ಕಾರಣಗಳು. ಕಾರಣ ಹುಡುಕಿ ಸರಿಪಡಿಸಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಕನ್ನಡಕ, ಕಿವಿಯ ಮೆಶಿನ್, ಹಗಲಿನ ಬೆಳಕು, ಪರಿಚಯದ ಒಂದು ಮುಖ ಬಹಳ ಸಹಾಯ ಮಾಡುತ್ತವೆ. ಕೈ ಕಟ್ಟುವುದರಿಂದ ಗಾಬರಿ ಹೆಚ್ಚುತ್ತದೆ. "ವಯಸ್ಸಾದವರಲ್ವಾ, ಹಾಗೇ" ಎಂದು ಬಿಟ್ಟರೆ ಒಳಗಿನ ಸೋಂಕು ಯಾರಿಗೂ ಕಾಣುವುದಿಲ್ಲ. ಅದರಿಂದ ಜೀವವೇ ಹೋಗಬಹುದು.

ಆ ಹುಡುಗಿಯ ಮೇಲೆ ನನಗೆಷ್ಟು ಅಭಿಮಾನ ಮೂಡಿತೆಂದರೆ, ಒಂದು ದಿನ ಕೇಳಿಯೇ ಬಿಟ್ಟೆ: "ನೀನು ಓದು ಮುಗಿಸಿದ ಮೇಲೆ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೇ ಹೋಗಬೇಕು."

ಅವಳು ತಟ್ಟನೆ ಹೇಳಿದಳು: "ಅಯ್ಯೋ ಇಲ್ಲ ಅಕ್ಕಾ. ನನಗೆ ಐಸಿಯು. ಸಿಗದಿದ್ದರೆ ಮಕ್ಕಳ ವಾರ್ಡ್."

ಗೌರವ ಇದೆ, ಕೆಲಸ ಬೇಡ

ಈ ಉತ್ತರ ನನ್ನ ತಲೆಯಲ್ಲಿ ಉಳಿಯಿತು. ಮುಂದೆ ಪರಿಚಯದ ನರ್ಸಿಂಗ್ ಅಧ್ಯಾಪಕಿಯೊಬ್ಬರ ಸಹಾಯದಿಂದ ಇನ್ನೂ ಕೆಲವು ವಿದ್ಯಾರ್ಥಿನಿಯರ ಜೊತೆ ಮಾತಾಡಿದೆ. ಎಲ್ಲರದೂ ಹೆಚ್ಚುಕಡಿಮೆ ಅದೇ ಮಾತು. ಅಜ್ಜ ಅಜ್ಜಿ ಎಂದರೆ ಪ್ರೀತಿ. ಅವರ ವಾರ್ಡಿನಲ್ಲಿ ಜೀವನವಿಡೀ ಕೆಲಸ ಎಂದರೆ ಮುಖ ಬಾಡುತ್ತದೆ.

ಇದು ನಮ್ಮೂರಿನ ಹುಡುಗಿಯರ ದೋಷ ಎಂದುಕೊಳ್ಳಬೇಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ನೇಥನ್ ಕೋಗನ್ 1961ರಲ್ಲಿ ವೃದ್ಧರ ಬಗ್ಗೆ ಜನರ ಮನೋಭಾವ ಅಳೆಯಲು 34 ಹೇಳಿಕೆಗಳ ಒಂದು ಪಟ್ಟಿ ತಯಾರಿಸಿದರು. ಅರ್ಧ ಹೇಳಿಕೆಗಳು ವೃದ್ಧರ ಪರ, ಅರ್ಧ ವಿರುದ್ಧ. ಯಾವುದನ್ನು ಎಷ್ಟು ಒಪ್ಪುತ್ತೀರಿ ಎಂದು ಗುರುತು ಹಾಕಬೇಕು. ಇಂದಿಗೂ ಜಗತ್ತಿನ ಬೇರೆ ಬೇರೆ ದೇಶಗಳ ನರ್ಸಿಂಗ್ ಕಾಲೇಜುಗಳಲ್ಲಿ ಇದೇ ಪಟ್ಟಿ ಬಳಕೆಯಲ್ಲಿದೆ. ನಮ್ಮ ದೇಶದ ವಿದ್ಯಾರ್ಥಿಗಳಿಗೂ ಅದನ್ನು ಕೊಟ್ಟು ನೋಡಿದ್ದಾರೆ. ಸಾಮಾನ್ಯವಾಗಿ ಬರುವ ಫಲಿತಾಂಶ ಒಂದೇ: ಅಂಕಗಳು ಗೌರವದ ಕಡೆಗೇ ವಾಲುತ್ತವೆ. ಆದರೆ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ, ಮುಂದೆ ಎಲ್ಲಿ ಕೆಲಸ ಮಾಡಬಯಸುತ್ತೀರಿ ಎಂದು ಕೇಳಿದರೆ ಚಿತ್ರ ಬದಲಾಗುತ್ತದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಬ್ರೆಂಡಾ ಹ್ಯಾಪೆಲ್ ಮತ್ತು ಅವರ ಸಹೋದ್ಯೋಗಿಗಳು ನೂರಾರು ವಿದ್ಯಾರ್ಥಿಗಳಿಗೆ ನರ್ಸಿಂಗಿನ ವಿವಿಧ ವಿಭಾಗಗಳನ್ನು ಇಷ್ಟದ ಕ್ರಮದಲ್ಲಿ ಬರೆಯಲು ಹೇಳಿದರು. ವೃದ್ಧರ ಆರೈಕೆ ಕಟ್ಟಕಡೆಗೆ ಬಂತು. 2001ರಲ್ಲಿ ಪ್ರಕಟವಾದ ಆ ಲೇಖನಕ್ಕೆ ಅವರಿಟ್ಟ ಹೆಸರೇ 'ನನ್ನ ಅಜ್ಜಿಯನ್ನು ಯಾರು ನೋಡಿಕೊಳ್ಳುತ್ತಾರೆ?' ಎಂಬ ಅರ್ಥದ್ದು. ಇನ್ನೂ ಚಿಂತೆಯ ವಿಷಯ ಮುಂದಿದೆ. ಕೋರ್ಸ್ ಮುಗಿಯುವ ಹೊತ್ತಿಗೆ ಆ ಆಸಕ್ತಿ ಹೆಚ್ಚುವ ಬದಲು ಮತ್ತಷ್ಟು ಕುಗ್ಗಿದ್ದನ್ನು ಅವರು ಕಂಡರು.

ಇಲ್ಲಿ ಸ್ವಲ್ಪ ನಿಲ್ಲೋಣ. ಕಾಲೇಜಿಗೆ ಬರುವಾಗ ಇದ್ದ ಪ್ರೀತಿ ಕಾಲೇಜಿನಲ್ಲೇ ಕರಗುತ್ತದೆ ಎಂದರೆ ಹುಡುಗಿಯರ ಹೃದಯವನ್ನು ದೂರಿ ಏನು ಪ್ರಯೋಜನ? ಅವರಿಗೆ ನಾವು ಏನನ್ನು ತೋರಿಸುತ್ತಿದ್ದೇವೆ ಎಂದು ನೋಡಬೇಕು.

ನಾನು ಮಾತಾಡಿಸಿದ ಒಬ್ಬಳು ಹೇಳಿದ ಮಾತು ನನಗೆ ನಾಟಿತು. "ಮೊದಲ ವರ್ಷ ನಮ್ಮನ್ನು ಅಜ್ಜಂದಿರ ಹಾಸಿಗೆಗಳಿಗೆ ಹಾಕುತ್ತಾರೆ. ಸ್ಪಂಜ್ ಬಾತ್ ಕೊಡು, ಬೆಡ್ ಪ್ಯಾನ್ ಇಡು, ಬಟ್ಟೆ ಬದಲಿಸು. ಯಾಕೆ, ಹೇಗೆ ಎಂದು ಯಾರೂ ಹೇಳುವುದಿಲ್ಲ. ಎರಡನೇ ವರ್ಷಕ್ಕೆ ಬಂದರೆ ಇಂಜೆಕ್ಷನ್, ಮೂರನೇ ವರ್ಷಕ್ಕೆ ವೆಂಟಿಲೇಟರ್. ಮೇಲೆ ಹೋದ ಹಾಗೆ ಅಜ್ಜ ಕೆಳಗೆ ಉಳಿಯುತ್ತಾರೆ." ಎಂಥ ಮಾತು ನೋಡಿ. ಕಲಿಯದವರು ಮಾಡುವ ಕೆಲಸ ಅದು ಎಂಬ ಪಾಠ ಯಾರೂ ಬಾಯಿಬಿಟ್ಟು ಹೇಳದೆಯೇ ಅವಳೊಳಗೆ ಇಳಿದಿದೆ.

ಪಠ್ಯಪುಸ್ತಕವೂ ಅದನ್ನೇ ಹೇಳುತ್ತದೆ. ಮಕ್ಕಳ ಶುಶ್ರೂಷೆ, ಹೆರಿಗೆ, ಮಾನಸಿಕ ಆರೋಗ್ಯ, ಇವೆಲ್ಲ ಬಿ.ಎಸ್ಸಿ. ನರ್ಸಿಂಗ್‌ನಲ್ಲಿ ಪ್ರತ್ಯೇಕ ವಿಷಯಗಳು. 2021ರಲ್ಲಿ ಪರಿಷ್ಕರಿಸಿದ ಪಠ್ಯಕ್ರಮದಲ್ಲೂ ವೃದ್ಧರ ಶುಶ್ರೂಷೆ ವಯಸ್ಕರ ಆರೋಗ್ಯ ಎಂಬ ದೊಡ್ಡ ವಿಷಯದೊಳಗಿನ ಒಂದು ಘಟಕ ಮಾತ್ರ. ಪದವಿಯ ನಂತರ ಒಂದು ವರ್ಷದ ಡಿಪ್ಲೊಮಾ ಇದೆ. ಅದರ ಹೆಸರು ಕೇಳಿದ ವಿದ್ಯಾರ್ಥಿನಿಯರೇ ನನಗೆ ಸಿಗಲಿಲ್ಲ.

ಇನ್ನೊಂದು ಸಂಗತಿಯಿದೆ. ವಿದ್ಯಾರ್ಥಿನಿ ಆಸ್ಪತ್ರೆಯಲ್ಲಿ ನೋಡುವ ಅಜ್ಜಿ ಬಿದ್ದವಳು, ಮಲಗಿದವಳು, ಮಾತು ತಪ್ಪಿದವಳು. ಮದುವೆ ಮನೆಯಲ್ಲಿ ಐವತ್ತು ಜನರ ಅಡುಗೆಗೆ ಉಪ್ಪು ಹೇಳುವ ಎಂಬತ್ತರ ಅಜ್ಜಿ, ದಿನವೂ ಮಸೀದಿಗೆ ನಡೆದು ಹೋಗುವ ಎಪ್ಪತ್ತೈದರ ಅಜ್ಜ ಅವಳಿಗೆ ವಾರ್ಡಿನಲ್ಲಿ ಸಿಗುವುದಿಲ್ಲ. ಮುಪ್ಪು ಎಂದರೆ ಇಷ್ಟೇ ಎಂದು ಅವಳು ತಿಳಿದರೆ ತಪ್ಪೇನು? ಈ ತಪ್ಪು ತಿಳುವಳಿಕೆಯನ್ನು ಅಳೆಯಲೆಂದೇ ಅರ್ಡ್‌ಮನ್ ಪಾಮೋರ್ ಎಂಬವರು 1977ರಲ್ಲಿ ಸರಿ-ತಪ್ಪು ರೂಪದ 25 ಪ್ರಶ್ನೆಗಳ ಪರೀಕ್ಷೆ ಮಾಡಿದ್ದರು. ಅಂಥ ಪ್ರಶ್ನೆಗಳನ್ನು ವಿದ್ಯಾವಂತರಾದ ನಮ್ಮ ಮುಂದೆ ಇಟ್ಟರೂ ನಾವು ಅನೇಕ ಕಡೆ ಎಡವುತ್ತೇವೆ.

714 ಹಾಸಿಗೆಗಳ ಕಥೆ

ಇಂದು ಆಸ್ಪತ್ರೆಗಳಲ್ಲಿ ವೃದ್ಧರ ಚಿಕಿತ್ಸೆ ಎಂಬ ವಿಭಾಗವೇ ಇದೆಯೆಂದರೆ ಅದರ ಹಿಂದೆ ಹಟ ಹಿಡಿದ ಇಬ್ಬರು ಮಹಿಳೆಯರು ಇದ್ದಾರೆ. ಅವರ ಕಥೆ ನಮ್ಮ ವಿದ್ಯಾರ್ಥಿನಿಯರಿಗೆ ಗೊತ್ತಿರಬೇಕು ಎಂದು ನನ್ನ ಆಸೆ.

ಮೊದಲನೆಯವರು ಡಾ. ಮಾರ್ಜರಿ ವಾರನ್. 1935ರಲ್ಲಿ ಲಂಡನ್ ಬಳಿಯ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆ ಪಕ್ಕದ ಬಡವರ ಆಶ್ರಯಧಾಮದ ಆಸ್ಪತ್ರೆಯನ್ನು ವಹಿಸಿಕೊಂಡಾಗ ಅಲ್ಲಿನ 714 ಹಾಸಿಗೆಗಳ ಹೊಣೆ ಇವರ ಮೇಲೆ ಬಿತ್ತು. ವರ್ಷಗಟ್ಟಲೆ ಮಲಗಿಯೇ ಇದ್ದವರು ಅಲ್ಲಿದ್ದರು. ಗುಣವಾಗದವರು ಎಂದು ಬಿಟ್ಟುಬಿಟ್ಟದ್ದರಿಂದ ಯಾರಿಗೆ ಏನು ಕಾಯಿಲೆ ಎಂದು ಸರಿಯಾಗಿ ನೋಡಿರಲೂ ಇಲ್ಲ. ವಾರನ್ ಒಬ್ಬೊಬ್ಬರನ್ನೂ ಪರೀಕ್ಷಿಸಿದರು. ವಾರ್ಡಿನ ಬೆಳಕು, ಬಣ್ಣ, ಮಂಚ ಬದಲಿಸಿದರು. ಎಬ್ಬಿಸಿ ಕೂರಿಸಿದರು, ನಡೆಸಿದರು. ಮಲಗಿಯೇ ಸಾಯುತ್ತಾರೆ ಎಂದುಕೊಂಡಿದ್ದ ಅನೇಕರು ನಡೆದು ಮನೆಗೆ ಹೋದರು. ಅವರಲ್ಲಿ ಎಷ್ಟೋ ಮಂದಿಯನ್ನು ಹಾಸಿಗೆ ಹಿಡಿಸಿದ್ದು ಹಾಸಿಗೆಯೇ ಆಗಿತ್ತು.

ಇನ್ನೊಬ್ಬರು ಡೊರೀನ್ ನಾರ್ಟನ್, ಬ್ರಿಟನ್ನಿನ ನರ್ಸ್. ಮಲಗಿದ ವೃದ್ಧರಿಗೆ ಬೆನ್ನು, ಹಿಮ್ಮಡಿಯಲ್ಲಿ ಹುಣ್ಣಾಗುತ್ತದಲ್ಲ, ಬೆಡ್ ಸೋರ್, ಅದರ ಬೆನ್ನು ಹತ್ತಿದವರು. ಆ ಕಾಲದಲ್ಲಿ ನರ್ಸ್‌ಗಳು ಅದಕ್ಕೆ ಏನೇನೋ ಉಜ್ಜುತ್ತಿದ್ದರು, ಹಚ್ಚುತ್ತಿದ್ದರು. ನಾರ್ಟನ್ ಮತ್ತು ಸಂಗಡಿಗರು 1962ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಚ್ಚುವುದಕ್ಕಿಂತ ಕ್ರಮ ತಪ್ಪದೆ ಮಗ್ಗುಲು ಬದಲಿಸುವುದೇ ಹೆಚ್ಚು ಉಪಯುಕ್ತ ಎಂದು ತೋರಿಸಿಕೊಟ್ಟರು. ಜೊತೆಗೆ ಐದು ಪ್ರಶ್ನೆಗಳ ಒಂದು ಅಳತೆ ಮಾಡಿದರು. ದೇಹಸ್ಥಿತಿ ಹೇಗಿದೆ, ಮನಸ್ಸಿನ ಎಚ್ಚರ ಹೇಗಿದೆ, ಎದ್ದು ಓಡಾಡುತ್ತಾರೆಯೇ, ಹಾಸಿಗೆಯಲ್ಲಿ ತಾವೇ ಹೊರಳುತ್ತಾರೆಯೇ, ಮಲಮೂತ್ರ ಹಿಡಿತದಲ್ಲಿದೆಯೇ? ಪ್ರತಿಯೊಂದಕ್ಕೂ ಒಂದರಿಂದ ನಾಲ್ಕು ಅಂಕ. ಒಟ್ಟು 20ರಲ್ಲಿ 14 ಅಥವಾ ಕಡಿಮೆ ಬಂದರೆ ಅಪಾಯ.

ಈ ಹೆಸರು ನಾನು ಕೇಳಿದ್ದು ಉಮ್ಮನ ಹಾಸಿಗೆಯ ಪಕ್ಕದಲ್ಲಿ. ಐದನೇ ದಿನ ಆ ಹುಡುಗಿ ತನ್ನ ಕೋಟಿನ ಜೇಬಿನಿಂದ ಒಂದು ಕಾಗದ ತೆಗೆದು ಲೆಕ್ಕ ಹಾಕಿದಳು. ಉಮ್ಮನಿಗೆ 11 ಬಂತು. ಮಗ್ಗುಲಿಗೆ ತಿರುಗಿಸಿ ನೋಡಿದರೆ ಬೆನ್ನಿನ ಕೆಳತುದಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಕೆಂಪು. ನಾನು ಎಣ್ಣೆ ಹಾಕಿ ತಿಕ್ಕಲು ಹೋದೆ. "ಬೇಡ ಅಕ್ಕಾ, ತಿಕ್ಕಬಾರದು, ಒಳಗೆ ಇನ್ನೂ ಹಾಳಾಗುತ್ತದೆ" ಎಂದು ಕೈ ಹಿಡಿದಳು. ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟಳು. ಒತ್ತಿದಾಗ ಬಿಳಿಚಿಕೊಂಡರೆ ಚರ್ಮದಲ್ಲಿ ರಕ್ತ ಓಡಾಡುತ್ತಿದೆ ಎಂದರ್ಥ. ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ ಎಂದರ್ಥ. ಉಮ್ಮನದು ಕೆಂಪಾಗಿಯೇ ಉಳಿಯಿತು. ಕಪ್ಪು ಮೈಬಣ್ಣದವರಲ್ಲಿ ಈ ಕೆಂಪು ಕಾಣುವುದೇ ಕಷ್ಟ, ಅಲ್ಲಿ ಬಿಸಿಯಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕಂತೆ. ಅಂದಿನಿಂದ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದೆವು, ರಾತ್ರಿಯೂ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು. ಹುಣ್ಣು ಒಡೆಯಲಿಲ್ಲ.

ಓದುಗರೇ, ಈ ಕೆಲಸಕ್ಕೆ ಮೆಶಿನ್ ಬೇಕಾಗಲಿಲ್ಲ, ದುಬಾರಿ ಔಷಧ ಬೇಕಾಗಲಿಲ್ಲ. ಬೇಕಾದದ್ದು ನೋಡಲು ಕಲಿತ ಕಣ್ಣು. ಇದು ವಿದ್ಯೆಯಲ್ಲವೇ? ಇದನ್ನು ಐಸಿಯುವಿನ ಕೆಲಸಕ್ಕಿಂತ ಕೆಳಗಿನದು ಎಂದು ಆ ಹುಡುಗಿಗೆ ಹೇಳಿಕೊಟ್ಟವರು ಯಾರು?

ನಾವೂ ಒಬ್ಬರು

ಆ 'ಯಾರು' ಎಂಬುದರಲ್ಲಿ ನಾನಿದ್ದೇನೆ, ನೀವೂ ಇದ್ದೀರಿ. ಹೆತ್ತವರ ಸೇವೆಯ ಬಗ್ಗೆ ನಾವು ಕೇಳಿದ ಪ್ರವಚನಗಳಿಗೆ ಲೆಕ್ಕವಿಲ್ಲ. ಮದೀನಾದಲ್ಲಿ ಡೇರೆ ಹಾಕಿ ಗಾಯಾಳುಗಳ ಶುಶ್ರೂಷೆ ಮಾಡಿದ ರುಫೈದಾ ಅವರ ಹೆಸರನ್ನು ಮಹಿಳಾ ಸಮಾವೇಶಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಮಗಳು ಬಂದು ನರ್ಸಿಂಗ್ ಓದುತ್ತೇನೆ ಎಂದರೆ? ರಾತ್ರಿ ಡ್ಯೂಟಿ, ಸಮವಸ್ತ್ರ, ಗಂಡಸರ ಮೈ ಮುಟ್ಟಬೇಕಲ್ಲ, ಮದುವೆಗೆ ಗಂಡು ಸಿಗುವುದಿಲ್ಲ ಎಂಬ ಮಾತುಗಳು ಒಂದರ ಹಿಂದೆ ಒಂದು ಬರುತ್ತವೆ. ಕೊನೆಗೆ ಯಾರಾದರೂ ಒಂದು ಮಾತು ಆಡಿಯೇ ಆಡುತ್ತಾರೆ: "ಮುದುಕರ ಹೇಲು ಬಾಚಲು ನಮ್ಮ ಮಗಳೇ ಆಗಬೇಕಾ?"

ಇದೇ ನಾವು ಆಸ್ಪತ್ರೆಯಲ್ಲಿ ಉಮ್ಮನ ಮೈ ಒರೆಸಲು ಹೆಣ್ಣು ನರ್ಸೇ ಬೇಕು, ಪರದೆ ಎಳೆಯಲೇಬೇಕು ಎಂದು ಹಟ ಹಿಡಿಯುತ್ತೇವೆ. ಆ ಹಟ ಸರಿಯಾದದ್ದೇ. ಆದರೆ ಆ ಹೆಣ್ಣು ನರ್ಸ್ ಯಾರ ಮಗಳಾಗಿರಬೇಕು? ಕರಾವಳಿಯ ನರ್ಸಿಂಗ್ ಕಾಲೇಜುಗಳಲ್ಲಿ ಈಗ ತಲೆವಸ್ತ್ರ ಧರಿಸಿದ ಹುಡುಗಿಯರೂ ಕಾಣಸಿಗುತ್ತಾರೆ ಎಂಬುದು ಸಮಾಧಾನದ ಸಂಗತಿ. ಅವರಲ್ಲೊಬ್ಬಳು ಹೇಳಿದಳು: "ಅಪ್ಪನಿಗೆ ಗಂಡಸರ ವಾರ್ಡ್ ಎಂದರೆ ಚಿಂತೆ. ಆದರೆ ನನಗೆ ಹೆಚ್ಚು ಧೈರ್ಯ ಬರುವುದು ವಯಸ್ಸಾದವರ ಬಳಿಯೇ. ಅಜ್ಜಂದಿರು 'ಮಗಳೇ' ಎಂದು ಕರೆದರೆ ಸಂಕೋಚ ಹೋಗುತ್ತದೆ."

ನಾವು ಮಾಡುವ ಇನ್ನೊಂದು ತಪ್ಪೆಂದರೆ ಹೆಸರು ಕಲಸುವುದು. ಏಜೆನ್ಸಿಯವರು ಮನೆಗೆ ಕಳುಹಿಸುವ 'ಹೋಮ್ ನರ್ಸ್'ಗಳಲ್ಲಿ ಅನೇಕರು ನರ್ಸಿಂಗ್ ಓದಿದವರಲ್ಲ. ಬಡತನದಿಂದ ಬಂದ ಹೆಂಗಸರು. ಅವರ ಮೇಲೆ ಅಡುಗೆ, ಪಾತ್ರೆ, ಬಟ್ಟೆ ಎಲ್ಲವನ್ನೂ ಹೇರುತ್ತೇವೆ. ಆ ಕೆಲಸಕ್ಕೂ ಮರ್ಯಾದೆ ಇರಬೇಕು, ಅದು ಬೇರೆ ಮಾತು. ಆದರೆ ವೃದ್ಧರ ಆರೈಕೆ ಎಂದರೆ ಇಷ್ಟೇ ಎಂದು ನಾಲ್ಕು ವರ್ಷ ಓದುವ ಹುಡುಗಿ ನೋಡುತ್ತಾಳೆ. ಸಂಬಳವನ್ನೂ ನೋಡುತ್ತಾಳೆ.

ವಿಚಿತ್ರವೆಂದರೆ, ಇಲ್ಲಿ ಬೇಡ ಎಂದ ಕೆಲಸವನ್ನೇ ಅನೇಕರು ಹೊರದೇಶಕ್ಕೆ ಹೋಗಿ ಮಾಡುತ್ತಾರೆ. ಜರ್ಮನಿಯಲ್ಲಿ ಮೊದಲು ವೃದ್ಧರ ಶುಶ್ರೂಷೆ ಪ್ರತ್ಯೇಕ ವೃತ್ತಿಯಾಗಿತ್ತು. 2020ರಿಂದ ಅದನ್ನು ಸಾಮಾನ್ಯ ನರ್ಸಿಂಗ್ ಮತ್ತು ಮಕ್ಕಳ ನರ್ಸಿಂಗ್ ತರಬೇತಿಯೊಂದಿಗೆ ಒಂದುಗೂಡಿಸಿದರು. 2021ರ ಡಿಸೆಂಬರ್‌ನಲ್ಲಿ ಕೇರಳದ ನೋರ್ಕಾ ರೂಟ್ಸ್ ಸಂಸ್ಥೆ ನರ್ಸ್‌ಗಳನ್ನು ಕಳುಹಿಸಲು ಆ ದೇಶದ ಜೊತೆ ಒಪ್ಪಂದ ಮಾಡಿಕೊಂಡಿತು. ಬ್ರಿಟನ್, ಐರ್ಲೆಂಡಿನ ಕೇರ್ ಹೋಮ್‌ಗಳಲ್ಲೂ ನಮ್ಮ ಹುಡುಗಿಯರು ಬಹಳ ಮಂದಿ. ಅಲ್ಲಿ ಸಂಬಳವಿದೆ, ಹುದ್ದೆಗೆ ಹೆಸರಿದೆ. ಇಲ್ಲಿ ಮಕ್ಕಳು ದುಬೈ, ಜಿದ್ದಾಗಳಲ್ಲಿದ್ದು ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ಹೆತ್ತವರು. ನಿಮ್ಮ ಬೀದಿಯಲ್ಲೇ ಅಂಥ ಮನೆ ಎಷ್ಟಿದೆ, ಎಣಿಸಿ ನೋಡಿ. 2011ರ ಜನಗಣತಿಯಲ್ಲಿ ದೇಶದಲ್ಲಿ ಅರುವತ್ತು ದಾಟಿದವರು ಸುಮಾರು 10.4 ಕೋಟಿ ಇದ್ದರು. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿಯ ಅಂದಾಜಿನಂತೆ 2050ರ ಹೊತ್ತಿಗೆ ಅವರು ಸುಮಾರು 34.7 ಕೋಟಿ. ಅಂದರೆ ಐವರಲ್ಲಿ ಒಬ್ಬರು. ಈ ಪುಟ ಓದುತ್ತಿರುವ ಮೂವತ್ತೈದರ ಸಹೋದರಿಯರೂ ಆ ಲೆಕ್ಕದೊಳಗೆ ಸೇರಿದ್ದಾರೆ.

ಮನಸ್ಸು ಎಲ್ಲಿ ತಿರುಗುತ್ತದೆ?

ಅಜ್ಜ ಅಜ್ಜಿಯರ ಜೊತೆ ಒಂದೇ ಮನೆಯಲ್ಲಿ ಬೆಳೆದ ವಿದ್ಯಾರ್ಥಿಗಳ ಮನೋಭಾವ ಉತ್ತಮವಾಗಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಅಷ್ಟೇ ಮುಖ್ಯವಾದದ್ದು ಕಲಿಸುವವರು. ಆ ಟ್ಯೂಟರ್ ಮೇಡಂ ಉಮ್ಮನ ಹೊಟ್ಟೆ ಮುಟ್ಟಿ ನೋಡಿ, "ಇವರಿಗೆ ಹುಚ್ಚಲ್ಲ, ಮೂತ್ರ ಕಟ್ಟಿದೆ" ಎಂದಾಗ ಸುತ್ತ ನಿಂತ ಹುಡುಗಿಯರ ಕಣ್ಣು ಅರಳಿದ್ದನ್ನು ನಾನೇ ನೋಡಿದ್ದೇನೆ. ಪತ್ತೆದಾರಿ ಕಥೆ ಕೇಳಿದವರ ಹಾಗೆ.

ಕೆಲವು ಕಾಲೇಜುಗಳಲ್ಲಿ ಒಂದು ಆಟ ಆಡಿಸುತ್ತಾರೆ. ನೀವೂ ಮಕ್ಕಳ ಜೊತೆ ಮನೆಯಲ್ಲಿ ಮಾಡಿ ನೋಡಬಹುದು. ಹಳೆಯ ಕನ್ನಡಕಕ್ಕೆ ವ್ಯಾಸಲಿನ್ ಸವರಿ ಹಾಕಿಕೊಳ್ಳಿ, ಕಿವಿಗೆ ಹತ್ತಿ ಇಡಿ, ಕಾಲುಚೀಲದೊಳಗೆ ಒಣ ಬಟಾಣಿ ಹಾಕಿ, ದಪ್ಪ ಕೈಗವಸು ತೊಟ್ಟು ಅಂಗಿಯ ಗುಂಡಿ ಹಾಕಿಕೊಳ್ಳಿ, ಮಾತ್ರೆಯ ಪೊಟ್ಟಣ ಬಿಡಿಸಿ. ಪಕ್ಕದಲ್ಲಿ ಒಬ್ಬರು ನಿಂತು "ಬೇಗ, ಬೇಗ" ಎನ್ನುತ್ತಿರಲಿ. ಮನೆಯ ಹಿರಿಯರ ಮೇಲೆ ಇನ್ನು ಮುಂದೆ ರೇಗುವ ಮುನ್ನ ಇದು ನೆನಪಾಗುತ್ತದೆ. ಆದರೆ ಈ ಆಟವೊಂದನ್ನೇ ನಂಬುವಂತಿಲ್ಲ ಎಂದು ನನಗನಿಸುತ್ತದೆ. ಮುಪ್ಪು ಎಂದರೆ ಬರೀ ಕಷ್ಟ ಎಂಬ ಭಯವೂ ಅದರಿಂದ ಹುಟ್ಟಬಹುದು.

ನಿಜವಾದ ಬದಲಾವಣೆ ಬರುವುದು ವಾರ್ಡ್ ಬಿಟ್ಟು ಮನೆಗೆ ಹೋದಾಗ. ಇದಕ್ಕೆ ನಮ್ಮ ನೆರೆಯ ಕೇರಳದಲ್ಲೇ ದಾರಿಯಿದೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮುಂತಾದವರು ಗುಣವಾಗದ ರೋಗಿಗಳ ನೋವು ತಗ್ಗಿಸಲು ಒಂದು ಸೊಸೈಟಿ ಆರಂಭಿಸಿದರು. ಅದು ಮಲಪ್ಪುರಂ ಮುಂತಾದ ಜಿಲ್ಲೆಗಳಲ್ಲಿ ಊರವರೇ ನಡೆಸುವ ಪಾಲಿಯೇಟಿವ್ ಘಟಕಗಳಾಗಿ ಹಬ್ಬಿತು. 2008ರಲ್ಲಿ ಕೇರಳ ಸರಕಾರ ಇದಕ್ಕೊಂದು ನೀತಿಯನ್ನೇ ತಂದಿತು. ನಂತರ ಪಂಚಾಯತ್‌ಗಳ ಮೂಲಕ ನರ್ಸ್‌ಗಳು ಮನೆಮನೆಗೆ ಹೋಗತೊಡಗಿದರು. ಕಾಲೇಜು ವಿದ್ಯಾರ್ಥಿಗಳೂ ಸ್ವಯಂಸೇವಕರಾಗಿ ಜೊತೆಗೂಡಿದರು. ಅಲ್ಲಿ ಅಜ್ಜಿ 'ಬೆಡ್ ನಂಬರ್ ಹದಿನಾಲ್ಕು' ಅಲ್ಲ. ಗೋಡೆಯಲ್ಲಿ ಮಗನ ಫೋಟೋ ಇದೆ, ಅಂಗಳದಲ್ಲಿ ಅವರೇ ನೆಟ್ಟ ಮಾವು ಇದೆ. ನರ್ಸ್ ಬರುವಾಗ ಚಹಾ ಮಾಡಿಸಿ ಕಾಯುತ್ತಾರೆ.

ಎಲ್ಲರೂ ಕೇರಳಕ್ಕೆ ಹೋಗಲಾಗದು. ಆದರೆ ಆಸ್ಪತ್ರೆಯಲ್ಲೇ ಒಂದು ಕೆಲಸ ನಾವು ಮಾಡಬಹುದು. ಹಿರಿಯರನ್ನು ದಾಖಲಿಸುವಾಗ ಕನ್ನಡಕ, ಹಲ್ಲಿನ ಸೆಟ್, ಕಿವಿಯ ಮೆಶಿನ್ ಮರೆಯದೆ ಒಯ್ಯಿರಿ. ಅವರ ಮುಂದೆಯೇ ಅವರ ಬಗ್ಗೆ ಮೂರನೆಯವರಂತೆ ಮಾತಾಡಬೇಡಿ. ಹಾಸಿಗೆಯ ಬಳಿ ಬರುವ ವಿದ್ಯಾರ್ಥಿನಿಗೆ ಎರಡು ಮಾತಿನಲ್ಲಿ ಪರಿಚಯ ಮಾಡಿಕೊಡಿ. ಇವರು ಬಸ್ ಡ್ರೈವರ್ ಆಗಿದ್ದರು, ಇವರು ಮದ್ರಸದಲ್ಲಿ ಕಲಿಸುತ್ತಿದ್ದರು, ಇವರು ಬೀಡಿ ಕಟ್ಟುತ್ತಿದ್ದರು. ನಾನು ಮೊದಲ ದಿನವೇ ಇದನ್ನು ಹೇಳಿದ್ದರೆ ಒಂದು ರಾತ್ರಿ ಉಮ್ಮನ ಕೈಗೆ ಕಟ್ಟು ಬೀಳುತ್ತಿರಲಿಲ್ಲವೋ ಏನೋ.

ಆ ಹುಡುಗಿ ಈಗ ಓದು ಮುಗಿಸಿದ್ದಾಳೆ. ಬೇರೆ ಊರಿನ ಆಸ್ಪತ್ರೆಯಲ್ಲಿ ಐಸಿಯುವಿನಲ್ಲೇ ಕೆಲಸ. ಅವಳು ಬಯಸಿದ್ದೇ ಸಿಕ್ಕಿತು, ಸಂತೋಷ. "ಇಲ್ಲಿ ಹೆಚ್ಚಿನವರು ಅಜ್ಜ ಅಜ್ಜಿಯರೇ ಅಕ್ಕಾ, ಮೊದಲೇ ಯಾರೂ ಹೇಳಲಿಲ್ಲ" ಎಂದು ಫೋನಿನಲ್ಲಿ ನಕ್ಕಳು. ಉಮ್ಮ ಈಗ ವಾಕರ್ ಹಿಡಿದು ಅಂಗಳದವರೆಗೆ ಹೋಗುತ್ತಾರೆ. ಅವಳು ಕರೆ ಮಾಡಿದಾಗಲೆಲ್ಲ ಹಿಮ್ಮಡಿ ನೋಡಿದಿರಾ, ಬಚ್ಚಲಲ್ಲಿ ಹಿಡಿದುಕೊಳ್ಳಲು ಸರಳು ಹಾಕಿಸಿದಿರಾ ಎಂದು ನನ್ನನ್ನು ವಿಚಾರಿಸುತ್ತಾಳೆ. ನಾನು ಉತ್ತರ ಕೊಟ್ಟು ಮುಗಿಸುವ ಮೊದಲೇ ಉಮ್ಮ ಫೋನ್ ಕಿತ್ತುಕೊಳ್ಳುತ್ತಾರೆ. ಅವರಿಗೆ ಕೇಳಲಿಕ್ಕಿರುವುದು ಒಂದೇ: "ಮಗಳೇ, ನಿನ್ನ ಅಮ್ಮನಿಗೆ ಈಗ ಸಾವಿರ ಬೀಡಿಗೆ ಎಷ್ಟು ಕೊಡುತ್ತಾರೆ?"